ಅಕ್ಕ ಇಲ್ಲವೆಂದು ಹೇಳಿ ಬಂದ ಊರು

ಸುನೌಲಿ ಗಡಿ

ಮೂವತ್ತೊಂದು ವರ್ಷ ನಾನು ಗದಗ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಜನರನ್ನು ಊರೂರಿಗೆ ಕಳಿಸಿದೆ. ಲಕ್ಷ್ಮೇಶ್ವರದ ಬಸ್ಸು ಎಲ್ಲಿ ನಿಲ್ಲುತ್ತದೆ, ಮುಂಡರಗಿಯದು ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ಮೈಕಿನಲ್ಲಿ ಕೂಗುವ ಕಂಟ್ರೋಲರ್ ನಾನೇ. ನಾನು ಮಾತ್ರ ಪಂಢರಪುರ ದಾಟಿ ಆಚೆ ಹೋದವನಲ್ಲ. ನಿವೃತ್ತನಾದ ಮೇಲೆ ಶಿರಹಟ್ಟಿಯ ಫಕೀರಪ್ಪ ಬೆನ್ನು ಹತ್ತಿದ. ಅವನು ಡ್ರೈವರ್ ಆಗಿದ್ದವನು, ಹಳೆಯ ದೋಸ್ತ. ಎಲ್ಲರನ್ನೂ ಕಳಿಸಿದೆ, ನೀನು ಯಾವಾಗ ಹೋಗುವವನು ಎಂದು ದಿನಾ ಕೇಳುತ್ತಿದ್ದ. ಕೊನೆಗೆ ನೇಪಾಳ ಎಂದು ನಿಶ್ಚಯವಾಯಿತು. ಅಲ್ಲಿಗೆ ಪಾಸ್‌ಪೋರ್ಟ್ ಬೇಡ. ಪಾಸ್‌ಪೋರ್ಟ್ ಇಲ್ಲದ ಪರದೇಶವೂ ಒಂದು ಪರದೇಶವೇ ಎಂದು ನಿಲ್ದಾಣದ ಚಹಾದಂಗಡಿಯವರು ನಕ್ಕಿದ್ದೂ ಆಯಿತು. ಹೆಂಡತಿ ಗಿರಿಜಾ ಮಂಡಿನೋವಿನ ನೆಪ ಹೇಳಿ ಮನೆಯಲ್ಲೇ ಉಳಿದಳು.

ಗಡಿ ಎಂದರೆ ಏನೋ ಭಾರಿ ಇರಬೇಕು ಎಂದುಕೊಂಡಿದ್ದೆ. ಒಂದು ಕಮಾನು, ಅದರ ಕೆಳಗೆ ಸೈಕಲ್ ರಿಕ್ಷಾ, ಅದರ ಮೇಲೆ ಅಕ್ಕಿ ಚೀಲ ಇಟ್ಟುಕೊಂಡು ಕೂತ ಹೆಂಗಸು. ಈಚೆಗೂ ಅದೇ ಧೂಳು, ಆಚೆಗೂ ಅದೇ ಧೂಳು. ನಡೆದುಕೊಂಡೇ ದಾಟಿದೆವು. ದಾಟಿದ ಕೂಡಲೇ ಮೊಬೈಲಿನ ಗಡಿಯಾರ ಹದಿನೈದು ನಿಮಿಷ ಮುಂದೆ ಹೋಯಿತು. ಅರ್ಧ ತಾಸಲ್ಲ, ಒಂದು ತಾಸಲ್ಲ, ಹದಿನೈದೇ ನಿಮಿಷ! ಕಂಟ್ರೋಲರನ ಜೀವಕ್ಕೆ ಇದಕ್ಕಿಂತ ಕಿರಿಕಿರಿ ಬೇರೆ ಏನಿದೆ? ಫಕೀರಪ್ಪ ಲೆಕ್ಕ ಹಾಕಿ ಹೇಳಿದ, "ನಮ್ಮ ಮುಂಡರಗಿ ಗಾಡಿ ದಿನಾ ಹದಿನೈದು ನಿಮಿಷ ತಡಾ. ಇಲ್ಲಿ ಓಡಿಸಿದ್ರ ಅರ್ಧಾ ತಾಸು ತಡಾ ಅಕ್ಕಿತ್ತಲೇ."

ಗಡಿಯ ಹತ್ತಿರದ ವಸತಿಗೃಹದ ಪುಸ್ತಕದಲ್ಲಿ ನಮ್ಮಿಬ್ಬರ ಸಂಬಂಧ ಏನೆಂದು ಬರೆಯಬೇಕಿತ್ತು. ಫಕೀರಪ್ಪ ಹಿಂದೆ ಮುಂದೆ ನೋಡದೆ ಅಣ್ಣತಮ್ಮಂದಿರು ಎಂದು ಬರೆದ. ಗುರುತಿನ ಚೀಟಿಯಲ್ಲಿ ಅಡ್ಡಹೆಸರು ಬೇರೆ, ಊರು ಬೇರೆ. ಕೂತಿದ್ದವನು ಎರಡನ್ನೂ ನೋಡಿದ, ನಮ್ಮ ಮುಖ ನೋಡಿದ, ನಕ್ಕು ಕೀಲಿಕೈ ಕೊಟ್ಟ.

ಕಠ್ಮಂಡು

ನಾವು ಹೋದದ್ದು ದೀಪಾವಳಿಯ ಹೊತ್ತಿಗೆ. ನಮ್ಮಲ್ಲಿ ನರಕ ಚತುರ್ದಶಿಗೆ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಳ್ಳುತ್ತೇವಲ್ಲ, ಅಂದು ಇವರು ನಾಯಿಗೆ ಪೂಜೆ ಮಾಡುತ್ತಾರೆ. ಬೀದಿನಾಯಿಗಳ ಕೊರಳಲ್ಲಿ ಚೆಂಡುಹೂವಿನ ಮಾಲೆ, ಹಣೆಗೆ ಕುಂಕುಮ. ಪೊಲೀಸರ ನಾಯಿಗೂ ಮಾಲೆ, ಕಸದ ತೊಟ್ಟಿಯ ನಾಯಿಗೂ ಮಾಲೆ. ಗದಗದಲ್ಲಿ ಅದೇ ದಿನ ಪಟಾಕಿಗೆ ಹೆದರಿ ನಮ್ಮ ಓಣಿಯ ನಾಯಿ ನಿಲ್ಲಿಸಿದ ಟಂಟಂ ಆಟೋದ ಕೆಳಗೆ ಅಡಗಿರುತ್ತದೆ. ಅದರ ನೆನಪಾಗಿ ಸ್ವಲ್ಪ ಕೆಡುಕೆನಿಸಿತು.

ಮರುದಿನ ನಾನೊಬ್ಬನೇ ಪಶುಪತಿನಾಥನ ಗುಡಿಗೆ ಹೊರಟು ತಪ್ಪು ಬಸ್ಸು ಹತ್ತಿದೆ. ಫಕೀರಪ್ಪನಿಗೆ ಇವತ್ತಿಗೂ ಇದನ್ನು ಹೇಳಿಲ್ಲ. ಹೇಳಿದರೆ ಇಡೀ ಡಿಪೋಕ್ಕೆ ಸಾರಿಬಿಡುತ್ತಾನೆ. ಪಕ್ಕದಲ್ಲಿ ಕೂತ ಮುದುಕಿಗೆ ನಾನು ನನ್ನ ನಿಲ್ದಾಣದ ಹಿಂದಿಯಲ್ಲಿ ಗುಡಿಯ ಹೆಸರು ಹೇಳಿದೆ. ಆಕೆ ಭಾಯಿ, ಭಾಯಿ ಎನ್ನುತ್ತ ನನ್ನ ತೋಳು ಹಿಡಿದು ಮುಂದಿನ ನಿಲ್ದಾಣದಲ್ಲಿ ಇಳಿಸಿದಳು. ತಾನೂ ಇಳಿದಳು. ರಸ್ತೆ ದಾಟಿಸಿ, ಸರಿಯಾದ ಬಸ್ಸು ಬರುವವರೆಗೆ ನಿಂತು, ಹತ್ತಿಸಿ, ಕಂಡಕ್ಟರನಿಗೆ ಏನೋ ಗದರಿಸಿ ಹೇಳಿದಳು. ಆಮೇಲೆ ತನ್ನ ಬಸ್ಸಿಗೆ ಕಾಯುತ್ತ ನಿಂತಳು. ನಾನು ಮೂವತ್ತೊಂದು ವರ್ಷದಲ್ಲಿ ಸಾವಿರಾರು ಜನಕ್ಕೆ ದಾರಿ ಹೇಳಿರಬಹುದು. ಗೂಡಿನಿಂದ ಎದ್ದು ಹೊರಗೆ ಬಂದದ್ದು ಒಮ್ಮೆಯೂ ನೆನಪಿಲ್ಲ.

ಇಲ್ಲಿ ಯಾರೂ ಯಾರನ್ನೂ ಹೆಸರಿನಿಂದ ಕರೆಯುವುದಿಲ್ಲ. ಚಹಾ ಮಾರುವವಳು ದೀದಿ, ಎಂದರೆ ಅಕ್ಕ; ಟ್ಯಾಕ್ಸಿಯವನು ದಾಯಿ, ಎಂದರೆ ಅಣ್ಣ. ಮನೆಯ ಹೆಣ್ಣುಮಕ್ಕಳಲ್ಲಿ ಹಿರಿಯವಳಿಗೆ ಒಂದು ಹೆಸರು, ಎರಡನೆಯವಳಿಗೆ ಒಂದು, ಕೊನೆಯವಳಿಗೆ ಮತ್ತೊಂದು. ನಮ್ಮಲ್ಲೂ ಕಾಕಾ, ಯಕ್ಕಾ ಎನ್ನದೆ ಬಸ್ಸಿನಲ್ಲಿ ಜಾಗ ಸಿಗುವುದಿಲ್ಲ ಎಂದು ನಾನು ಫಕೀರಪ್ಪನ ಮುಂದೆ ಜಂಬ ಕೊಚ್ಚಿದೆ. ನಮ್ಮ ಸೀಮೆಯ ಜನಕ್ಕೆ ಸಂಬಂಧದ ಬೆಲೆ ಗೊತ್ತು ಎಂದೆಲ್ಲ ದೊಡ್ಡ ಮಾತು ಆಡಿದೆ. ಅವನು ನನ್ನನ್ನು ಒಮ್ಮೆ ನೋಡಿ ಮುಂದೆ ನಡೆದ.

ಪೋಖರಾ, ಕೆರೆಯ ದಂಡೆ

ಪೋಖರಾದಲ್ಲಿ ನಾವು ಇಳಿದದ್ದು ಕೆರೆಯ ಹತ್ತಿರ ಐದೇ ಕೋಣೆಯ ಒಂದು ಸಣ್ಣ ಮನೆಯಲ್ಲಿ. ನಡೆಸುವವಳು ಮೀನಾ, ನಲವತ್ತೈದರ ಹೆಂಗಸು. ಕೆಲವು ವರ್ಷ ದಿಲ್ಲಿಯಲ್ಲಿ ಇದ್ದದ್ದರಿಂದ ನನಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದಳು. ಹಿಮದ ಬೆಟ್ಟ ಕಾಣುತ್ತದೆಂದು ನಮ್ಮನ್ನು ಬೆಳಿಗ್ಗೆ ಮಾಳಿಗೆ ಹತ್ತಿಸಿದಳು. ಮೋಡ ಬಿಟ್ಟು ಏನೂ ಕಾಣಲಿಲ್ಲ. ಕಪ್ಪತಗುಡ್ಡದ ಮೇಲೂ ಇಷ್ಟೇ ಮೋಡ ಇರುತ್ತದೆ, ಅದನ್ನು ನೋಡುವುದಕ್ಕೆ ಮೂರು ದಿನದ ರೈಲು ಬೇಡ ಎಂದು ಫಕೀರಪ್ಪ ಗೊಣಗಿದ.

ನಾಷ್ಟಾ ಮಾಡುವಾಗ ಮೀನಾ ನಾಳೆಯ ಹಬ್ಬದ ಸುದ್ದಿ ತೆಗೆದಳು. ಭಾಯಿ ಟೀಕಾ. ಅಕ್ಕತಂಗಿಯರು ಅಣ್ಣತಮ್ಮಂದಿರ ಹಣೆಗೆ ಏಳು ಬಣ್ಣದ ತಿಲಕ ಇಡುವ ದಿನ. ತನ್ನ ಅಣ್ಣ ಕತಾರಿನಲ್ಲಿ ದುಡಿಯುತ್ತಾನೆ, ಆರು ವರ್ಷವಾಯಿತು, ಫೋನಿನಲ್ಲಿಯ ಅವನ ಫೋಟೋಕ್ಕೇ ತಿಲಕ ಹಚ್ಚುತ್ತೇನೆ ಎಂದಳು. ಆಮೇಲೆ ನಮಗೆ ಅಕ್ಕತಂಗಿಯರು ಎಷ್ಟು ಜನ ಎಂದು ಕೇಳಿದಳು. ಫಕೀರಪ್ಪ ನಾಲ್ವರು ಎಂದು ಬೆರಳು ಮಡಿಸುತ್ತ ಊರುಗಳನ್ನೂ ಹೇಳಿದ. ಒಬ್ಬಳು ಯಳವತ್ತಿ, ಒಬ್ಬಳು ಕುರ್ತಕೋಟಿ, ಇಬ್ಬರು ಲಕ್ಷ್ಮೇಶ್ವರದಲ್ಲೇ. ಮೀನಾ ನನ್ನ ಕಡೆ ತಿರುಗಿದಳು.

"ಯಾರೂ ಇಲ್ಲ," ಎಂದೆ.

ಯಾಕೆ ಹಾಗೆಂದೆ? ಇದ್ದಾಳೆ ಎಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು. ಇಂಥ ಹಬ್ಬದಲ್ಲಿ ಆಕೆಯನ್ನು ಬಿಟ್ಟು ಇಲ್ಲಿಗೆ ಯಾಕೆ ಬಂದೆ ಎಂದು ಕೇಳುತ್ತಿದ್ದಳು. ಮೀನಾಳ ಮುಖ ಸಣ್ಣದಾಯಿತು. ಅಯ್ಯೋ ಪಾಪ ಎನ್ನುವಂತೆ ನಾಲಿಗೆ ಲೊಚಗುಟ್ಟಿ, ನನ್ನ ತಾಟಿಗೆ ಇನ್ನೊಂದು ಸೇಲ್ ರೋಟಿ ಹಾಕಿದಳು. ಅದು ಬಳೆಯ ಹಾಗೆ ದುಂಡಗೆ ಕರಿದ ಅಕ್ಕಿಹಿಟ್ಟಿನ ತಿಂಡಿ. ನಾಳೆ ನಿನಗೂ ನಾನೇ ತಿಲಕ ಇಡುತ್ತೇನೆ ದಾಜು, ಎಂದಳು. ದಾಜು ಎಂದರೂ ಅಣ್ಣನೇ.

ಆಕೆ ಒಳಗೆ ಹೋದ ಮೇಲೆ ಫಕೀರಪ್ಪ ಚಹಾದ ಕಪ್ಪು ಕೆಳಗಿಟ್ಟ. "ಲೇ, ಶಾಂತಕ್ಕ ಯಾವಾಗ ಸತ್ಲು?" ಎಂದು ಕೇಳಿದ. ಅವನು ನನ್ನ ಅಕ್ಕನ ಕೈಯ ರೊಟ್ಟಿ ತಿಂದವನು, ಒಂದೆರಡಲ್ಲ, ನೂರು ಸಲ.

ನಡುವೆ, ನಮ್ಮ ಮನೆಯ ಮಾತು

ಇಲ್ಲಿ ಪ್ರವಾಸವನ್ನು ಸ್ವಲ್ಪ ನಿಲ್ಲಿಸಬೇಕು. ಶಾಂತಕ್ಕ ನನ್ನ ಒಡಹುಟ್ಟಿದ ಅಕ್ಕ. ನಮ್ಮದು ನೇಕಾರ ಮನೆತನ. ನಾನು ಮಗ್ಗ ಬಿಟ್ಟು ಬಸ್ಸಿಗೆ ಹೋದೆ, ಆಕೆಯನ್ನು ಬೆಟಗೇರಿಯ ನೇಕಾರರ ಮನೆಗೇ ಕೊಟ್ಟರು. ಇವತ್ತಿಗೂ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಾಳೆ. ಗದಗದ ನನ್ನ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಆ ಹತ್ತು ನಿಮಿಷವನ್ನು ನಾನು ಎರಡು ವರ್ಷದಿಂದ ದಾಟಿರಲಿಲ್ಲ.

ಎರಡು ವರ್ಷದ ಹಿಂದೆ ಮಗಳ ಮದುವೆ. ನಮ್ಮಲ್ಲಿ ಮದುವೆ ಮುಗಿದ ಮೇಲೆ ಬಂಧುಗಳನ್ನು ಕೂಡಿಸಿ ಬಟ್ಟೆ ಕೊಡುವ ಆಯೇರಿ ಇರುತ್ತದೆ. ಈ ಸೀರೆಗಳು ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತವೆ. ಯಾರೋ ಕೊಟ್ಟದ್ದನ್ನು ಇನ್ಯಾರಿಗೋ ಕೊಡುವುದರಲ್ಲಿ ತಪ್ಪೇನಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. ಒಂದೇ ಒಂದು ಕಟ್ಟಳೆ: ಬಂದ ಮನೆಗೇ ಅದು ತಿರುಗಿ ಹೋಗಬಾರದು. ಹೋದರೆ, ನಿನ್ನದು ನಮಗೆ ಬೇಡ ಎಂದು ಹೇಳಿದ ಹಾಗೆ. ಯಾವ ಸೀರೆ ಯಾರ ಕಡೆಯಿಂದ ಬಂತೆಂಬುದು ಹೆಂಗಸರ ತಲೆಯಲ್ಲಿ ಇರುತ್ತದೆ.

ನಾನು ಆ ವರ್ಷ ಅದನ್ನು ನನ್ನ ಕೈಗೆ ತೆಗೆದುಕೊಂಡೆ. ಗಿರಿಜಾ ಬೀಗರನ್ನು ನೋಡಿಕೊಳ್ಳುತ್ತಿದ್ದಳು. ಮೂವತ್ತೊಂದು ವರ್ಷ ಬಸ್ಸು ಹೊಂದಿಸಿದವನಿಗೆ ಸೀರೆ ಹೊಂದಿಸುವುದು ಯಾವ ಲೆಕ್ಕ ಎಂದು ಟ್ರಂಕು ತೆಗೆದು ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿದೆ. ಅಕ್ಕನಿಗೆ ಎಲ್ಲಕ್ಕಿಂತ ಚೆಂದದ್ದು ಹೋಗಬೇಕೆಂದು ಟ್ರಂಕಿನ ತಳದವರೆಗೆ ಕೈ ಹಾಕಿದೆ. ಬಿಳಿ ಧೋತರದಲ್ಲಿ ಸುತ್ತಿಟ್ಟ ಒಂದು ಸೀರೆ ಸಿಕ್ಕಿತು. ಬದನೆಕಾಯಿ ಬಣ್ಣ, ಕೆಂಪು ದಡಿ. ಧೋತರ ಬಿಚ್ಚಿ, ಚೀಟಿ ಅಂಟಿಸಿ, ಮೇಲಿಟ್ಟೆ.

ಅದು ಮಗಳ ಮದುವೆ ಗೊತ್ತಾದಾಗ ಶಾಂತಕ್ಕನೇ ಗಿರಿಜಾಳಿಗೆಂದು ನೇದು ಕೊಟ್ಟದ್ದು. ಗಿರಿಜಾ ಅದನ್ನು ಉಡದೆ, ಮುಂದೆ ಮಗಳು ಬಸಿರಾದಾಗ ಕುಬಸದ ದಿನ ಉಡುತ್ತೇನೆಂದು ಎತ್ತಿಟ್ಟಿದ್ದಳು. ನನಗೆ ನೆನಪಿರಲಿಲ್ಲ. ಚೆಂದ ಕಂಡಿತು, ತೆಗೆದೆ, ಅಷ್ಟೆ.

ಕುಂಕುಮ ಹಚ್ಚಿಸಿಕೊಂಡು ಶಾಂತಕ್ಕ ಸೀರೆಯ ಮಡಿಕೆ ತೆರೆದಳು. ನೇದ ಕೈಗೆ ತನ್ನ ನೇಯ್ಗೆ ಗೊತ್ತಾಗದೆ ಇರುತ್ತದೆಯೇ? ದಡಿಯ ಮೇಲೆ ಹೆಬ್ಬೆರಳು ಒಮ್ಮೆ ಓಡಿ ನಿಂತಿತು. ಆಗ ನನಗೂ ಹೊಳೆಯಿತು. ಆಕೆ ತಲೆ ಎತ್ತಿ ನೋಡಿದ್ದು ನನ್ನನ್ನಲ್ಲ, ಬೆನ್ನು ತಿರುಗಿಸಿ ಬೀಗರ ಜೊತೆ ಮಾತಿನಲ್ಲಿದ್ದ ಗಿರಿಜಾಳನ್ನು. ಆಯೇರಿ ಎಂದರೆ ಮನೆಯೊಡತಿಯ ಕೆಲಸ ಎಂದು ಎಲ್ಲರಿಗೂ ಗೊತ್ತಲ್ಲ. ನಾನು ಬಾಯಿ ತೆರೆದು, ಚೀಟಿ ಅಂಟಿಸಿದವನು ನಾನು ಎಂದಿದ್ದರೆ ಮುಗಿದುಹೋಗುತ್ತಿತ್ತು. ಐವತ್ತು ಜನ ಕೂತಿದ್ದರು, ಬೀಗರಿದ್ದರು. ನಾನು ಬೀಗರ ಬಸ್ಸು ಬಂತೇನು ನೋಡುತ್ತೇನೆಂದು ಹೊರಗೆ ಹೋದೆ.

ಸೀರೆ ಮಡಚಿಕೊಂಡು ಹೋದ ಅಕ್ಕ ಆಮೇಲೆ ನಮ್ಮ ಮನೆಗೆ ಬರಲಿಲ್ಲ. ಹೆಣ್ಣುಮಕ್ಕಳು ತವರಿಗೆ ಬರುವ ನಾಗಪಂಚಮಿಗೂ ಬರಲಿಲ್ಲ. ಭಾವ ಒಮ್ಮೆ ಸಂತೆಯಲ್ಲಿ ಸಿಕ್ಕು ಸೀರೆಯ ಮಾತು ತೆಗೆದಾಗ, ಅದೆಲ್ಲ ಹೆಂಗಸರ ವ್ಯವಹಾರ, ನನಗೇನು ಗೊತ್ತು ಎಂದುಬಿಟ್ಟೆ. ಹೋದ ವರ್ಷ ಮಗಳ ಕುಬಸದ ದಿನ ಗಿರಿಜಾ ಟ್ರಂಕಿನ ಮುಂದೆ ಕೂತು ಆ ಸೀರೆ ಹುಡುಕಿದಳು. ಸಿಗದೆ ಅತ್ತಳು. ಶಾಂತಕ್ಕ ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಕಳೆದೆನಲ್ಲ, ಮದುವೆಯಲ್ಲೂ ಅದನ್ನು ಉಡಲಿಲ್ಲವೆಂದೇ ಆಕೆ ಸಿಟ್ಟಾಗಿರಬೇಕು ಎಂದಳು. ಎಲ್ಲಿ ಹೋಯಿತೋ ಏನೋ ಎಂದು ನಾನೂ ಅವಳ ಜೊತೆ ಹುಡುಕಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹುಡುಕಿದ್ದು ನಿಜ.

ಪೋಖರಾ, ತಿಲಕದ ದಿನ

ತಿಲಕಕ್ಕೆ ಮುಹೂರ್ತ ರೇಡಿಯೋದಲ್ಲಿ ಬರುತ್ತದೆ. ದೇಶವಿಡೀ ಒಂದೇ ಹೊತ್ತು. ಎಷ್ಟು ಗಂಟೆ ಎಷ್ಟು ನಿಮಿಷ ಎಂಬುದನ್ನು ಮೀನಾ ಕೈಯ ಮೇಲೆ ಬರೆದುಕೊಂಡಿದ್ದಳು. ಬೇರೆ ದಿನವಾಗಿದ್ದರೆ ಈ ಶಿಸ್ತಿಗೆ ನಾನು ಚಪ್ಪಾಳೆ ತಟ್ಟುತ್ತಿದ್ದೆ.

ನಮ್ಮಿಬ್ಬರನ್ನೂ ಚಾಪೆಯ ಮೇಲೆ ಕೂರಿಸಿದಳು. ಪಕ್ಕದಲ್ಲಿ ಅಣ್ಣನ ಫೋಟೋ ತೆರೆದಿಟ್ಟ ಫೋನು. ತಾಮ್ರದ ಗಿಂಡಿಯಿಂದ ನೀರು, ಗರಿಕೆಯಿಂದ ಎಣ್ಣೆ ತೊಟ್ಟಿಕ್ಕಿಸುತ್ತ ನಮ್ಮ ಸುತ್ತ ಮೂರು ಸುತ್ತು ಬಂದಳು. ಈ ಎಣ್ಣೆಯ ಗೆರೆಯನ್ನು ಯಮ ದಾಟುವುದಿಲ್ಲವಂತೆ. ತಲೆಗೆ ಎಣ್ಣೆ ಇಟ್ಟಳು. ಬಾಳೆಯೆಲೆಯ ಸೀಳನ್ನು ಹಣೆಗೆ ಹಿಡಿದು, ನಡುವೆ ಅಕ್ಕಿಹಿಟ್ಟಿನ ಬಿಳಿ ಗೀಟು ಎಳೆದು, ಅದರ ಮೇಲೆ ಒಂದೊಂದೇ ಬಣ್ಣದ ಬೊಟ್ಟು ಇಟ್ಟಳು. ಹೊಸ್ತಿಲ ಮೇಲೆ ಅಕ್ರೋಟು ಇಟ್ಟು ಕಲ್ಲಿನಿಂದ ಒಡೆದಳು. ಮೊದಲ ಎರಡು ಏಟಿಗೆ ಅದು ಒಡೆಯದೆ ಜಿಗಿದು ಫಕೀರಪ್ಪನ ಚಪ್ಪಲಿಯಲ್ಲಿ ಬಿತ್ತು. ಮೂವರೂ ನಕ್ಕೆವು. ಮೂರನೆಯ ಏಟಿಗೆ ಪುಡಿಯಾಯಿತು.

ನಂತರ ನನ್ನ ಮುಂದೆ ಕೂತು ಮೀನಾ ಹೇಳಿದಳು, "ಅಕ್ಕತಂಗಿ ಇಲ್ಲದವನ ಮನೆಗೆ ಸಾವು ಬರೋ ದಾರಿ ತೆರೆದೇ ಇರತ್ತಂತೆ ದಾಜು. ಇವತ್ತು ಮುಚ್ಚಿದೀನಿ."

ಆಗಲೇ ಹೇಳಬಹುದಿತ್ತು, ಹೇಳಲಿಲ್ಲ. ಅಣ್ಣನಾದವನು ತಿರುಗಿ ಏನಾದರೂ ಕೊಡಬೇಕು. ಗಿರಿಜಾಳಿಗೆಂದು ಕಠ್ಮಂಡುವಿನಲ್ಲಿ ತೆಗೆದುಕೊಂಡ ಶಾಲು ಚೀಲದಲ್ಲಿತ್ತು. ಅದನ್ನೇ ಕೊಟ್ಟೆ. ಹೆಂಡತಿಗೆಂದು ಎತ್ತಿಟ್ಟದ್ದನ್ನು ತೆಗೆದು ಬೇರೆಯವರಿಗೆ ಕೊಡುವುದರಲ್ಲಿ ನನಗೆ ಎರಡನೆಯ ಸಲದ ಅನುಭವ.

ಊಟವಾದ ಮೇಲೆ ಗಿರಿಜಾಳ ವಿಡಿಯೋ ಕರೆ ಬಂತು. ಹಣೆ ನೋಡಿ, ಇದೇನಿದು ಹೋಳಿ ಆಡಿದಿರೇನು ಎಂದು ನಕ್ಕಳು. ಹೇಳಿದೆ. ನಗು ನಿಂತಿತು.

"ನಾಳಿ ಅಕ್ಕನ ತದಿಗಿ ಐತ್ರಿ," ಎಂದಳು. "ಶಾಂತಕ್ಕಗ ಒಂದು ಫೋನ್ ಮಾಡ್ರಿ. ನಾ ಮಾಡಿದ್ರ ಎತ್ತಂಗಿಲ್ಲ ಅಕಿ. ನನ್ನ ಮ್ಯಾಲಿನ ಸಿಟ್ಟು ನಿಮ್ಮ ಮ್ಯಾಲ ಯಾಕ ಬರಬೇಕು? ನೀವರ ಮಾತಾಡ್ರಿ."

ತದಿಗೆಯ ದಿನ ಅಕ್ಕನ ಮನೆಗೆ ಹೋಗಿ ಆರತಿ ಮಾಡಿಸಿಕೊಂಡು ಉಂಡು ಬರುವುದು ನಮ್ಮ ಪದ್ಧತಿ. ಎರಡು ತದಿಗೆ ಹೀಗೆ ಹೋಗಿವೆ. ಆತು, ಮಾಡತೀನಿ ಎಂದು ಫೋನ್ ಇಟ್ಟೆ. ಮಾಡಲಿಲ್ಲ. ಫೋನಿನಲ್ಲಿ ಹೇಳಿದರೆ ಮತ್ತೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ ಎಂಬುದು ನನಗೆ ಗೊತ್ತಿತ್ತು.

ಪೋಖರಾ ಬಿಡುವ ಬೆಳಿಗ್ಗೆ

ಮರುದಿನ ಬೆಟ್ಟ ಕಂಡಿತು. ಫಕೀರಪ್ಪ ಮಾಳಿಗೆಯಿಂದ ಕೂಗಿ ಕೂಗಿ ಕರೆದ. ನಾನು ಕೆಳಗೆ ಅಡುಗೆಮನೆಯ ಬಾಗಿಲಲ್ಲಿ ಮೀನಾಳ ಮುಂದೆ ನಿಂತಿದ್ದೆ. ನನ್ನ ಹರಕು ಹಿಂದಿಯಲ್ಲಿ ಎಲ್ಲ ಹೇಳಿದೆ. ಅಕ್ಕ ಇದ್ದಾಳೆ, ಗಟ್ಟಿಮುಟ್ಟಾಗಿ ಇದ್ದಾಳೆ, ತಪ್ಪು ನನ್ನದು, ಹೊತ್ತವಳು ಹೆಂಡತಿ.

ಮೀನಾ ಒಲೆಯ ಮೇಲಿನ ಹಾಲು ಇಳಿಸಿದಳು. ಸಿಟ್ಟು ಬಂದದ್ದು ಮುಖದ ಮೇಲೆ ಕಾಣುತ್ತಿತ್ತು, ಬರಬೇಕಾದದ್ದೇ. ನಂತರ, ಇಟ್ಟ ತಿಲಕವನ್ನು ವಾಪಸು ತೆಗೆದುಕೊಳ್ಳುವುದಕ್ಕೆ ಬರುವುದಿಲ್ಲ ಎಂದಳು. "ಹೋಗಿ ಆಕೆಗೆ ಹೇಳು, ನಿನ್ನ ಜಾಗದಲ್ಲಿ ಇನ್ನೊಬ್ಬಳು ಕೂತಿದ್ದಳು ಅಂತ. ನನ್ನ ಹೆಸರೂ ಹೇಳು."

ಬಸ್ಸಿನವರೆಗೆ ಕಳಿಸಲು ಆಕೆ ಬರಲಿಲ್ಲ. ಗುರುತೇ ಇಲ್ಲದ ಕಠ್ಮಂಡುವಿನ ಮುದುಕಿ ಬಸ್ಸು ಹತ್ತಿಸಿದ್ದಳು. ಬೆಟ್ಟವನ್ನು ನಾನು ಬಸ್ಸಿನ ಕಿಟಕಿಯಿಂದ ಒಂದು ಗಳಿಗೆ ನೋಡಿದೆ. ಚೆನ್ನಾಗಿತ್ತು ಎಂದು ಎಲ್ಲರೂ ಹೇಳುತ್ತಾರೆ, ಇತ್ತು.

ಬೆಟಗೇರಿ

ಗದಗ ಸ್ಟೇಷನ್ನಿನಲ್ಲಿ ಇಳಿದು ಮನೆಯ ಕಡೆ ಹೋಗಲಿಲ್ಲ. ಫಕೀರಪ್ಪ ಶಿರಹಟ್ಟಿ ಬಸ್ಸಿಗೆ ಹೋದ. ನಾನು ಬ್ಯಾಗಿನ ಸಮೇತ ಬೆಟಗೇರಿಯ ಆಟೋ ಹತ್ತಿದೆ.

ಶಾಂತಕ್ಕ ಮಗ್ಗದಲ್ಲಿ ಕೂತಿದ್ದಳು. ಭಾವ ಮೂಲೆಯಲ್ಲಿ ನೂಲು ಸುತ್ತುತ್ತಿದ್ದ. ನನ್ನನ್ನು ಕಂಡರೂ ಅಕ್ಕನ ಕೈಯ ಲಾಳಿ ಓಡುತ್ತಲೇ ಇತ್ತು. ನಾನು ನೆಲದ ಮೇಲೆ ಕೂತೆ. "ಅಕ್ಕಾ, ಆ ಸೀರಿ ಗಿರಿಜಾ ಕೊಟ್ಟದ್ದಲ್ಲ. ಚೀಟಿ ಹಚ್ಚಿದಾಂವ ನಾ," ಎಂದೆ. ಮಗ್ಗ ನಿಂತಿತು. ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಗಿರಿಜಾ ಧೋತರದಲ್ಲಿ ಸುತ್ತಿ ಎತ್ತಿಟ್ಟದ್ದು, ಕುಬಸದ ದಿನ ಹುಡುಕಿ ಅತ್ತದ್ದು, ಕಳೆದಿದೆ ಎಂದೇ ಇವತ್ತಿಗೂ ತಿಳಿದಿರುವುದು. ಮೀನಾಳ ಮನೆಯಲ್ಲಿ ಅಕ್ಕ ಇಲ್ಲ ಎಂದದ್ದನ್ನೂ, ಆಕೆ ಹೇಳಿ ಕಳಿಸಿದ್ದನ್ನೂ ಹೇಳಿದೆ.

"ಎರಡು ವರ್ಷ ಇಲ್ದಂಗ ಇದ್ದಿ," ಎಂದಳು ಶಾಂತಕ್ಕ. "ಅಲ್ಲಿ ಹೋಗಿ ಬಾಯಿಲೆ ಹೇಳಿದಿ, ಅಷ್ಟ."

ಕುಣಿಯಿಂದ ಕಾಲು ಮೇಲೆ ತೆಗೆದು, ಮೊಣಕಾಲು ಹಿಡಿದುಕೊಂಡು ಎದ್ದಳು. ದನಿ ಏರಿಸಲಿಲ್ಲ. "ಸೀರಿ ತಪ್ಪಿ ಬಂದದ್ದು ದೊಡ್ಡ ಮಾತಲ್ಲ ತಮ್ಮಾ. ಮದವಿ ಮನ್ಯಾಗ ಆಗತೈತಿ. ಅವತ್ತ ಹೇಳಿದ್ರ ನಾವಿಬ್ರೂ ನಕ್ಕು ಬಿಡತಿದ್ವಿ. ಈ ಎರಡು ವರ್ಷ ನಾ ಆ ಗಿರಿಜಾಗ ಮನಸಿನ್ಯಾಗ ಏನೇನ್ ಅಂದೀನಿ, ನಿಂಗ ಗೊತ್ತಿಲ್ಲ. ಕುಬಸಕ್ಕ ಮನೀತನಕ ಬಂದು ಕರದ್ಲು, ನಾ ಒಳಗ ಕುಂತು ಹೊರಗ ಬರಲಿಲ್ಲ. ಅದನ್ನ ಯಾರ ತಿರಗಿ ಕೊಡತಾರ ಹೇಳು."

ಗಿರಿಜಾ ಇಲ್ಲಿಯವರೆಗೆ ಬಂದು ಕರೆದು ಹೋಗಿದ್ದಳೆಂಬುದು ನನಗೆ ಗೊತ್ತೇ ಇರಲಿಲ್ಲ. ಅವಳು ನನಗೆ ಹೇಳಿರಲಿಲ್ಲ.

ಅಕ್ಕ ಮುಖ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದಳು. ನಾನೂ ಎದ್ದೆ. "ನೀ ಕುಂಡ್ರು," ಎಂದಳು. "ಇದು ನಮ್ಮಿಬ್ಬರ ಮಾತು." ನಾನು ಬಂದ ಆಟೋ ಓಣಿಯ ತುದಿಯಲ್ಲಿ ಇನ್ನೂ ನಿಂತಿತ್ತು. ಅದನ್ನೇ ಹತ್ತಿ ಹೋದಳು.

ಭಾವ ನೂಲು ಸುತ್ತುವುದನ್ನು ನಿಲ್ಲಿಸಲಿಲ್ಲ, ನೇಪಾಳ ಹೇಗಿತ್ತು ಎಂದೂ ಕೇಳಲಿಲ್ಲ. ಎರಡು ತಾಸು ಕಳೆದ ಮೇಲೆ ಗಿರಿಜಾಳ ಫೋನ್ ಬಂತು. ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ, ಪ್ರಯಾಣ ಸುಖವಾಯಿತೇ ಎನ್ನಲೂ ಇಲ್ಲ. "ಶಾಂತಕ್ಕ ಇವತ್ತ ಇಲ್ಲೇ ಇರತಾಳ್ರಿ. ನೀವು ಅಲ್ಲೇ ಊಟಾ ಮಾಡ್ರಿ," ಎಂದಳು. ಹಿಂದಿನಿಂದ ಅಕ್ಕನ ದನಿ ಕೇಳುತ್ತಿತ್ತು, ಇಬ್ಬರೂ ಅತ್ತು ಮುಗಿಸಿದ್ದರೆಂದು ತೋರಿತು. ಫೋನ್ ಕಟ್ಟಾಯಿತು.

ಭಾವ ಬೆಳಗಿನ ರೊಟ್ಟಿ, ಪುಂಡಿಪಲ್ಯೆ ಎರಡು ತಾಟಿಗೆ ಹಾಕಿ ಒಂದನ್ನು ನನ್ನ ಕಡೆ ಸರಿಸಿದ. ಉಂಡೆ. ನನ್ನ ಮನೆಯಲ್ಲಿ ನನ್ನ ಹೆಂಡತಿ, ನನ್ನ ಅಕ್ಕ ಆ ಹೊತ್ತಿಗೆ ಎದುರುಬದುರು ಕೂತು ಉಣ್ಣುತ್ತಿದ್ದರು. ಅಲ್ಲಿಗೆ ಬಾ ಎಂದು ನನ್ನನ್ನು ಯಾರೂ ಕರೆಯಲಿಲ್ಲ.